ಮೂರಾದ ಮೇಲೆ ಐದು

ಶೂಲಿನ್‌ನ ಕಾರ್ಖಾನೆ ಬೀದಿಯ ಅಂಗಡಿಯವರು ಯೆನ್ ಪಿ-ಚೂ ಬರುವುದನ್ನು ಕಂಡರೆ, ತಮ್ಮ ಹಲಗೆಯ ಮೇಲೆ ತಾವೇ ಬರೆದದ್ದನ್ನು ಇನ್ನೊಮ್ಮೆ ಓದಿಕೊಳ್ಳುತ್ತಾರೆ. ಸೋಯಾ ಹಾಲಿನವನು ‘ಸಕ್ಕರೆ ಕಮ್ಮಿ’ ಎಂದು ಬರೆದಿದ್ದರೆ ಯಾವುದಕ್ಕಿಂತ ಕಮ್ಮಿ, ಅಳೆದವರು ಯಾರು ಎಂದು ಅವಳು ಕೇಳುತ್ತಾಳೆ. ಛತ್ರಿ ಕೊಳ್ಳುವಾಗ ಅಂಗಡಿಯ ಹಿಂದಿನ ನಲ್ಲಿಯ ಕೆಳಗೆ ಅದನ್ನು ಬಿಡಿಸಿ ಹಿಡಿಯುತ್ತಾಳೆ. ಅವಳದು ಜಗಳಗಂಟಿ ಸ್ವಭಾವವೇನಲ್ಲ. ಹೇಳಿದ್ದಕ್ಕೂ ಇರುವುದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದಕ್ಕೇ ಅವಳಿಗೆ ಸಂಬಳ ಕೊಡುತ್ತಾರೆ. ಸಂಬಳವಿಲ್ಲದ ಹೊತ್ತಿನಲ್ಲೂ ಅವಳು ಅದನ್ನೇ ಮಾಡುತ್ತಾಳೆ, ಅಷ್ಟೆ.

ಹುಟ್ಟಿದ್ದು ಲೂಕಾಂಗ್‌ನಲ್ಲಿ. ತಾಯಿ ಸಮುದ್ರದ ಸಿಂಪಿಯ ಚಿಪ್ಪು ಬಿಡಿಸಿ ಮಾರುತ್ತಿದ್ದಳು. ಸತ್ತ ಸಿಂಪಿ ಬುಟ್ಟಿಗೆ ಹೋಗದಂತೆ ಚಿಪ್ಪು ತಟ್ಟಿ ನೋಡುವ ಕೆಲಸ ಮಗಳದು. ಹದಿನೇಳನೇ ವಯಸ್ಸಿಗೆ ಶೂಲಿನ್‌ಗೆ ಬಂದು ಬೇರೆ ಬೇರೆ ಕಾರ್ಖಾನೆಗಳಲ್ಲಿ ಬೆಸುಗೆ ಹಾಕಿದಳು. ಸಂಜೆ ಶಾಲೆಯಲ್ಲಿ ಡಿಪ್ಲೊಮಾ ಮುಗಿಸಿದಳು. ಕೊನೆಗೆ, ಕರೆಂಟು ಹೋದಾಗ ಬ್ಯಾಟರಿಯಿಂದ ವಿದ್ಯುತ್ ಕೊಡುವ ಯುಪಿಎಸ್ ತಯಾರಿಸುವ ಹುಂಗ್ ತಿಂಗ್-ಚಾಂಗ್ ಅವರ ಕಾರ್ಖಾನೆ ಸೇರಿದಳು. ಅಲ್ಲಿ ತನ್ನ ಬೆಸುಗೆಯನ್ನು ಮೂರು ಸಲ ಅಲ್ಲಾಡಿಸಿ ನೋಡಿ, ಆಮೇಲೆ ಪಕ್ಕದವಳದನ್ನೂ ಅಲ್ಲಾಡಿಸುತ್ತಿದ್ದಳು. ಪಕ್ಕದವಳು ಒಂದು ದಿನ ಅಳುತ್ತಾ ಎದ್ದುಹೋದಾಗ ಹುಂಗ್ ಇವಳನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು. ಅಲ್ಲಿ ಎಷ್ಟು ಬೇಕಾದರೂ ಅಲ್ಲಾಡಿಸಬಹುದಿತ್ತು.

ಮದುವೆಯಾದದ್ದೂ ಹೀಗೆಯೇ. ಪ್ರವಾಸಿ ಬಸ್ಸು ಓಡಿಸುವ ಪಾನ್ ಎಂಬಾತ ಅವಳನ್ನು ಮೆಚ್ಚಿ, ತನ್ನ ಸ್ಕೂಟರು ಲೀಟರಿಗೆ ಅರವತ್ತು ಕಿಲೋಮೀಟರು ಕೊಡುತ್ತದೆ ಎಂದು ಜಂಬ ಕೊಚ್ಚಿಕೊಂಡ. ಪಿ-ಚೂ ಮುಂದಿನ ಭಾನುವಾರ ಖಾಲಿ ಟ್ಯಾಂಕಿಗೆ ಒಂದೇ ಒಂದು ಲೀಟರು ಸುರಿದು ಅವನ ಹಿಂದೆ ಕುಳಿತಳು. ಮೂವತ್ತೇಳನೇ ಕಿಲೋಮೀಟರಿನಲ್ಲಿ, ಸಾನ್‌ಶಿಯಾದ ಚಹಾ ತೋಟಗಳ ನಡುವೆ, ಸ್ಕೂಟರು ನಿಂತಿತು. ಪಾನ್ ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. ಸುಳ್ಳು ಸಿಕ್ಕಿಬಿದ್ದಾಗ ಮುಖ ಊದಿಸಿಕೊಳ್ಳದ ಗಂಡಸನ್ನು ಅವಳು ಕಂಡದ್ದು ಅದೇ ಮೊದಲು. ಇಬ್ಬರೂ ಸ್ಕೂಟರು ತಳ್ಳಿಕೊಂಡು ವಾಪಸು ಬರುವಷ್ಟರಲ್ಲಿ ಮದುವೆಯ ತಿಂಗಳು ಗೊತ್ತಾಗಿತ್ತು.

ಇನ್ನು ಹುಂಗ್ ಯಜಮಾನರ ಬಗ್ಗೆ. ಎಪ್ಪತ್ತರ ಈ ಮನುಷ್ಯನಿಗೆ ಎಡಗಡೆಯ ಹುಬ್ಬಿಲ್ಲ. ವ್ಯಾಪಾರ ಶುರುಮಾಡಿದ ಹೊಸದರಲ್ಲಿ ನಾಲ್ಕನೇ ಓಣಿಯ ನಾಲ್ಕನೇ ನಂಬರಿನ ಮನೆಯಲ್ಲಿ ಒಂದು ಕೆಪ್ಯಾಸಿಟರ್ ಅವರ ಮುಖಕ್ಕೇ ಸಿಡಿದು ಹುಬ್ಬು ಸುಟ್ಟುಹೋಯಿತು. ಮತ್ತೆ ಬೆಳೆಯಲೇ ಇಲ್ಲ. ನಾಲ್ಕು ಎಂದರೆ ಇಲ್ಲಿಯ ಮಾತಿನಲ್ಲಿ ಸಾವು ಎಂದಂತೆಯೇ ಕೇಳುತ್ತದೆ; ಅದು ಸಾವಿನ ಅಂಕಿ ಎಂದು ಈ ಕಡೆಯವರೆಲ್ಲ ಅದರಿಂದ ದೂರವಿರುವವರೇ. ಆಸ್ಪತ್ರೆಯ ಲಿಫ್ಟಿನಲ್ಲಿ ಮೂರಾದ ಮೇಲೆ ಐದು ಬರುತ್ತದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಹುಂಗ್ ಅವರ ಕಾರ್ಖಾನೆಯಲ್ಲಿ ಪರೀಕ್ಷೆಯ ಮೇಜುಗಳೂ ಮೂರಾದ ಮೇಲೆ ಐದು, ಸ್ಕ್ರೂ ಡಬ್ಬಿಗಳೂ ಮೂರಾದ ಮೇಲೆ ಐದು. ವಾರದ ದಿನಗಳಿಗೂ ಇಲ್ಲಿಯ ಭಾಷೆಯಲ್ಲಿ ಅಂಕಿಯೇ ಹೆಸರು, ಗುರುವಾರ ನಾಲ್ಕನೆಯದು. ಆದ್ದರಿಂದ ಯಜಮಾನರು ಗುರುವಾರ ಎನ್ನುವುದೇ ಇಲ್ಲ, ‘ಶುಕ್ರವಾರದ ಹಿಂದಿನ ದಿನ’ ಎನ್ನುತ್ತಾರೆ. ಇಂಥ ಮನುಷ್ಯ ಗಣಿತದಲ್ಲಿ ಪದಕ ಪಡೆದವರು ಎಂಬುದನ್ನೂ ಹೇಳಬೇಕು. ಓದಿಗೂ ಹುಬ್ಬಿಗೂ ಸಂಬಂಧವಿಲ್ಲ.

ಹುಂಗ್ ಅವರ ಯುಪಿಎಸ್‌ಗಳು ನೆಟ್‌ವರ್ಕಿನ ಮೂಲಕ ತಮ್ಮ ಸ್ಥಿತಿಗತಿಯನ್ನು ಹೇಳುತ್ತಿರುತ್ತವೆ. ಒಂದು ಸಾಫ್ಟ್‌ವೇರ್ ಅದನ್ನೆಲ್ಲ ಒಂದೇ ಪರದೆಯ ಮೇಲೆ ತೋರಿಸುತ್ತದೆ. ಯಾವ ಕಂಪನಿಯ ಯಂತ್ರ ಹೇಳಿದ್ದೂ ಯಾವ ಕಂಪನಿಯ ಪರದೆಗೂ ಅರ್ಥವಾಗಲಿ ಎಂದು ಜಗತ್ತಿನವರು ಒಪ್ಪಿಕೊಂಡ ಮಾನದಂಡವೊಂದಿದೆ. ಬ್ಯಾಟರಿ ಹೇಗಿದೆ ಎಂದು ಕೇಳಿದರೆ ಯಂತ್ರ ಒಂದು ಅಂಕಿ ಕಳಿಸಬೇಕು. ಒಂದೆಂದರೆ ತಿಳಿಯದು, ಎರಡೆಂದರೆ ಸರಿಯಿದೆ, ಮೂರೆಂದರೆ ಇಳಿದಿದೆ, ನಾಲ್ಕೆಂದರೆ ಬರಿದಾಗಿದೆ.

ಇಪ್ಪತ್ತೊಂದು ವರ್ಷದ ಹಿಂದೆ ಇದನ್ನು ಬರೆಯಲು ಕೂತ ಎಂಜಿನಿಯರು, ಯಜಮಾನರ ಮುಖ ನೋಡಿ, ಬರಿದಾಗಿದೆ ಎನ್ನುವುದಕ್ಕೆ ಐದು ಎಂದು ಬರೆದುಬಿಟ್ಟಿದ್ದ. ಕಾರ್ಖಾನೆಯ ಸ್ವಂತ ಪರದೆಗೂ ಐದೆಂದರೆ ಬರಿದು ಎಂದು ಹೇಳಿಕೊಟ್ಟಿದ್ದ. ಯಂತ್ರ ಐದು ಎನ್ನುತ್ತಿತ್ತು, ಪರದೆ ತಲೆಯಾಡಿಸುತ್ತಿತ್ತು, ಪಿ-ಚೂ ಸರಿ ಎಂದು ಗುರುತು ಹಾಕುತ್ತಿದ್ದಳು. ಇಷ್ಟು ವರ್ಷವೂ ಹುಂಗ್ ಅವರ ಯಂತ್ರ ಕೊಂಡವರೆಲ್ಲ ಹುಂಗ್ ಅವರ ಪರದೆಯನ್ನೇ ಕೊಂಡಿದ್ದರು.

ಈ ವರ್ಷ ತೈನಾನ್‌ನ ಒಂದು ದೊಡ್ಡ ಆಸ್ಪತ್ರೆ ಮುನ್ನೂರು ಯಂತ್ರ ಬೇಕೆಂದಿತು. ಪರದೆ ತಮ್ಮದೇ ಇದೆ, ಯಂತ್ರ ಮಾತ್ರ ಸಾಕು ಎಂದಿತು. ಮಾನದಂಡವನ್ನು ಅಕ್ಷರಶಃ ಪಾಲಿಸಿದ್ದೇವೆ ಎಂಬ ಪತ್ರಕ್ಕೆ ಪರೀಕ್ಷಕಿಯ ಮೊಹರು ಬೇಕೆಂದಿತು. ಪಿ-ಚೂ ಮೊದಲ ಬಾರಿಗೆ ಹೊರಗಿನವರ ಸಾಫ್ಟ್‌ವೇರ್ ತರಿಸಿ ಯಂತ್ರಕ್ಕೆ ಜೋಡಿಸಿದಳು. ಬ್ಯಾಟರಿ ಬರಿದಾಯಿತು. ಹೊರಗಿನವರ ಪರದೆಯಲ್ಲಿ ಆ ಜಾಗ ಖಾಲಿಯಾಯಿತು. ಗಂಟೆಯಿಲ್ಲ, ಕೆಂಪು ದೀಪವಿಲ್ಲ. ಆಸ್ಪತ್ರೆಯಲ್ಲಿ ಇದೇ ಆಗಿದ್ದರೆ ಜನರೇಟರ್ ಹಾಕಿ ಎಂದು ಹೇಳುವವರೇ ಇರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಚಾಂದ್ರಮಾನದ ಹದಿನಾರನೆಯ ದಿನ. ವ್ಯಾಪಾರಸ್ಥರೆಲ್ಲ ನೆಲ ಕಾಯುವ ದೇವರಾದ ಭೂಮಿಯಜ್ಜನಿಗೆ ಎಡೆ ಇಡುವ ದಿನ. ಕಾರ್ಖಾನೆಯ ನೆಲಮಹಡಿಯಲ್ಲಿ, ಬ್ಯಾಟರಿ ಜೋಡಿಸಿಡುವ ಕಬ್ಬಿಣದ ಚೌಕಟ್ಟುಗಳ ಪಕ್ಕ, ಯಜಮಾನರ ಹೆಂಡತಿ ಮೇಜಿನ ಮೇಲೆ ಕಿತ್ತಳೆ, ಕಡಲೆಕಾಯಿ, ಬಿಸ್ಕತ್ತು, ತಂಪು ಪಾನೀಯದ ಡಬ್ಬಿಗಳನ್ನು ಜೋಡಿಸುತ್ತಿದ್ದಳು. ಅವಳನ್ನು ಎಲ್ಲರೂ ಯಜಮಾನ್ತಿ ಎನ್ನುತ್ತಾರೆ. ಆಸ್ಪತ್ರೆಯ ಪರಿಶೀಲಕಿ ಲಾನ್ ಎಂಬಾಕೆ ಮಧ್ಯಾಹ್ನ ಎರಡಕ್ಕೆ ಬರುವವಳಿದ್ದಳು. ಮೊಹರು ಬಿದ್ದ ಪತ್ರ ಹಿಡಿದು ಸಂಜೆಯ ರೈಲಿಗೆ ಹೋಗುವವಳಿದ್ದಳು.

ಪಿ-ಚೂ ಮೊಹರಿನ ಡಬ್ಬಿಯನ್ನು ಯಜಮಾನರ ಮೇಜಿನ ಮೇಲೆ ಇಟ್ಟಳು.

“ಒತ್ತಲ್ಲ ನಾನು.”

“ಏನು ಒತ್ತಲ್ಲ?”

“ಮೊಹರು. ನಮ್ಮ ಯಂತ್ರ ಮಾನದಂಡದ ಪ್ರಕಾರ ಇಲ್ಲ. ಬರಿದಾದಾಗ ನಾಲ್ಕು ಅನ್ಬೇಕು, ಐದು ಅಂತಿದೆ.”

ಆ ಅಂಕಿ ಕಿವಿಗೆ ಬಿದ್ದದ್ದೇ ಹುಂಗ್ ಹುಬ್ಬಿಲ್ಲದ ಜಾಗವನ್ನು ಮುಟ್ಟಿಕೊಂಡರು. “ಬೆಳ್‌ಬೆಳಿಗ್ಗೇನೇ! ಅದೂ ಹದಿನಾರನೇ ದಿನ! ಬಾಯಿ ತೊಳ್ಕೊಂಡ್ ಬಾ ಹೋಗು.”

“ತೊಳ್ಕೊಂಡ್ರೂ ಅದು ನಾಲ್ಕೇ ಯಜಮಾನ್ರೇ.”

“ಇಪ್ಪತ್ತೊಂದು ವರ್ಷ ನೀನೇ ಸರಿ ಅಂತ ಹಾಕ್ತಿದ್ದೆ. ಇವತ್ತೇನು ಜ್ಞಾನೋದಯ?”

ಇದು ಅವಳಿಗೆ ಚುಚ್ಚಿತು. ಸುಳ್ಳಾಗಿದ್ದರೆ ಚುಚ್ಚುತ್ತಿರಲಿಲ್ಲ. “ನಮ್ಮ ಯಂತ್ರಾನ ನಮ್ಮ ಪರದೇಲೇ ನೋಡ್ತಿದ್ದೆ. ಇಬ್ರೂ ನಮ್ಮವ್ರೇ, ಒಬ್ಬನ ಸುಳ್ಳಿಗೆ ಇನ್ನೊಬ್ಬ ಹೌದೌದು ಅಂತಿದ್ದ. ತಪ್ಪು ನಂದೇ. ಅದಕ್ಕೇ ಇನ್ನೊಂದ್ಸಲ ಮಾಡಲ್ಲ.”

ಸಾಫ್ಟ್‌ವೇರ್ ನೋಡಿಕೊಳ್ಳುವ ತೂ ಬಾಗಿಲಲ್ಲಿ ನಿಂತಿದ್ದ. ಮೂವತ್ತಾರಕ್ಕೇ ನೆತ್ತಿ ಬರಿದಾದ, ಸದಾ ಹಸಿದಿರುವ ಮನುಷ್ಯ. “ಯಜಮಾನ್ರೇ, ಒಂದೇ ಸಾಲು. ಹತ್ತು ನಿಮಿಷದಲ್ಲಿ ಬದಲಾಯಿಸ್ತೀನಿ. ಮುನ್ನೂರು ಯಂತ್ರ ಕೈಬಿಟ್ರೆ ಹಬ್ಬದ ಬೋನಸ್ಸೂ ಬರಿದೇ.”

“ಹತ್ತು ನಿಮಿಷ ಏನು, ಹತ್ತು ಸೆಕೆಂಡಲ್ಲೂ ಬೇಡ. ನನ್ನ ಯಂತ್ರ ಆ ಅಂಕಿ ನುಡಿಯಕೂಡದು. ಅದೂ ಆಸ್ಪತ್ರೇಲಿ! ಹಾಸಿಗೆ ಹಿಡಿದೋರ ಪಕ್ಕದಲ್ಲಿ ನಿಂತ್ಕೊಂಡು!”

“ಯಾರಿಗೂ ಕೇಳ್ಸಲ್ಲ. ತಂತಿಯೊಳಗೆ ಹೋಗುತ್ತೆ,” ಎಂದಳು ಪಿ-ಚೂ. “ಪರದೇಲಿ ಬರಿದು ಅಂತ ಅಕ್ಷರ ಬರುತ್ತೆ, ಅಷ್ಟೇ.”

“ಭೂಮಿಯಜ್ಜನಿಗೆ ಕೇಳ್ಸಲ್ವಾ? ತಂತಿ ಹೋಗೋದು ಎಲ್ಲಿ? ಭೂಮಿ ಒಳಗೆ!”

ಕೆಳಗಿನಿಂದ ಯಜಮಾನ್ತಿಯ ದನಿ ಮೆಟ್ಟಿಲು ಹತ್ತಿ ಬಂತು. “ಅಜ್ಜ ಇಲ್ಲೇ ಕೂತಿದ್ದಾನಲ್ಲ, ಎಡೆ ಇಟ್ಟಿದ್ದೀನಿ, ಊದುಬತ್ತಿ ಹಚ್ಚಿದ್ದೀನಿ. ಅಲ್ಲಿ ಕಿರುಚೋ ಬದಲು ಬಂದು ಅವನನ್ನೇ ಕೇಳ್ರೀ!”

ಕೇಳುವ ವಿಧಾನ ಎಲ್ಲರಿಗೂ ಗೊತ್ತಿದ್ದದ್ದೇ. ಅರ್ಧಚಂದ್ರದಂತೆ ಕೊರೆದ ಎರಡು ಕೆಂಪು ಮರದ ತುಂಡುಗಳು. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಪ್ರಶ್ನೆ ಹೇಳಿ ನೆಲಕ್ಕೆ ಬಿಡಬೇಕು. ಒಂದು ಚಪ್ಪಟೆ ಒಂದು ಉಬ್ಬು ಮೇಲೆ ಬಂದರೆ ಹೌದು. ಎರಡೂ ಉಬ್ಬಾದರೆ ಅಲ್ಲ. ಎರಡೂ ಚಪ್ಪಟೆಯಾದರೆ ದೇವರು ನಗುತ್ತಿದ್ದಾನೆ, ಪ್ರಶ್ನೆ ಸರಿಯಿಲ್ಲ. ದೊಡ್ಡ ವಿಷಯಕ್ಕೆ ಸತತ ಮೂರು ಹೌದು ಬೇಕು.

ಕಾರ್ಖಾನೆಯ ಹದಿನೆಂಟು ಜನವೂ ಇಳಿದು ಬಂದರು. ಹುಂಗ್ ತಮ್ಮ ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಹೇಳಿ ಕೈಮುಗಿದರು. “ಅಜ್ಜಾ, ಬ್ಯಾಟರಿ ಬರಿದಾದಾಗ ನಮ್ಮ ಯಂತ್ರ ಮೂರರ ಮುಂದಿನ ಅಂಕಿ ಕಳಿಸಬಹುದಾ?”

ತುಂಡುಗಳು ಬಿದ್ದವು. ಎರಡೂ ಚಪ್ಪಟೆ.

“ನಗ್ತಿದ್ದಾನೆ,” ಎಂದಳು ಯಜಮಾನ್ತಿ.

ಹುಂಗ್ ಮತ್ತೆ ಕೇಳಿದರು. ಮತ್ತೆ ಎರಡೂ ಚಪ್ಪಟೆ. ಮೂರನೆಯ ಸಲವೂ ಅದೇ. ಪ್ಯಾಕಿಂಗ್ ಹೆಂಗಸರು ಬಾಯಿಗೆ ಕೈಯಡ್ಡ ಹಿಡಿದು ಕುಲುಕತೊಡಗಿದರು.

“ಅಜ್ಜ ಬಿದ್ದು ಬಿದ್ದು ನಗ್ತಿದ್ದಾನೆ ರೀ,” ಎಂದಳು ಯಜಮಾನ್ತಿ. “ನಿಮ್ಮ ಮುಖ ನೋಡಿರ್ಬೇಕು.”

“ಮುಖ ಅಲ್ಲ, ಪ್ರಶ್ನೆ,” ಎಂದು ಪಿ-ಚೂ ಮುಂದೆ ಬಂದಳು. ಅಷ್ಟು ಹೊತ್ತೂ ಅವಳು ಪ್ರತಿ ಬಾರಿ ತುಂಡು ಬಿದ್ದದ್ದನ್ನು ಪರೀಕ್ಷೆಯ ನಮೂನೆಯಲ್ಲಿ ಬರೆದುಕೊಳ್ಳುತ್ತಿದ್ದಳು. “ಮೂರರ ಮುಂದಿನದು ಅಂದ್ರೆ ಯಾವುದು? ನಿಮ್ಮ ಕಾರ್ಖಾನೇಲಿ ಮೂರರ ಮುಂದೆ ಐದು! ಮೇಜು ನೋಡಿ, ಡಬ್ಬಿ ನೋಡಿ. ಈಗಾಗಲೇ ಕಳಿಸ್ತಿರೋದನ್ನೇ ಕಳಿಸಬಹುದಾ ಅಂತ ಕೇಳಿದ್ರೆ ಅಜ್ಜ ಇನ್ನೇನು ಮಾಡ್ತಾನೆ?”

ತೂ ನೆಲದ ಮೇಲೆ ಕೂತು ನಕ್ಕ. ನಗು ಹಬ್ಬಿತು. ಯಜಮಾನರಿಗೆ ಮಾತ್ರ ನಗು ಬರಲಿಲ್ಲ. ಗಣಿತದ ಪದಕದವರಿಗೆ ಅವಳು ಹೇಳಿದ್ದು ಸರಿ ಎಂದು ಎಲ್ಲರಿಗಿಂತ ಮೊದಲೇ ಹೊಳೆದಿತ್ತು.

“ಹಾಗಾದ್ರೆ ನೀನೇ ಕೇಳು. ಆದ್ರೆ ದೇವರ ಮುಂದೆ ಆ ಅಂಕಿ…”

“ಹೇಳ್ತೀನಿ. ಹೇಳ್ದೆ ಹೇಗೆ ಕೇಳ್ಲಿ? ಕಿವಿ ಮುಚ್ಕೊಳ್ಳಿ ನೀವು.”

ಹುಂಗ್ ನಿಜಕ್ಕೂ ಎರಡು ಕಿವಿಯನ್ನೂ ಮುಚ್ಚಿಕೊಂಡರು. ಪಿ-ಚೂ ತನ್ನ ಹೆಸರು, ಹುಟ್ಟಿದ ದಿನ ಹೇಳಿದಳು. ಕಂಪನಿಯ ನೋಂದಣಿ ಸಂಖ್ಯೆ ಹೇಳಿದಳು. ಯಂತ್ರದ ಮಾದರಿ, ಸಾಫ್ಟ್‌ವೇರಿನ ಆವೃತ್ತಿ ಹೇಳಿದಳು. ಆಮೇಲೆ, “ಅಜ್ಜಾ, ಬ್ಯಾಟರಿ ಪೂರ್ತಿ ಬರಿದಾದಾಗ, ನಮ್ಮ ಯಂತ್ರ, ಮಾನದಂಡದಲ್ಲಿ ಬರೆದಿರೋ ಹಾಗೆ, ನಾಲ್ಕು ಅಂತ ಕಳಿಸಬಹುದಾ? ಬೇರೆ ಯಾವುದಕ್ಕೂ ಈ ಅನುಮತಿ ಕೇಳ್ತಿಲ್ಲ. ಮೇಜು, ಡಬ್ಬಿ, ಗುರುವಾರ ಎಲ್ಲಾ ಇದ್ದ ಹಾಗೇ ಇರುತ್ತೆ.”

ತುಂಡು ಬಿತ್ತು. ಒಂದು ಚಪ್ಪಟೆ, ಒಂದು ಉಬ್ಬು.

“ಹೌದು!” ಹದಿನೇಳು ಜನ ಕೂಗಿದರು. ಹುಂಗ್ ಕಿವಿಯಿಂದ ಕೈ ತೆಗೆದು, “ಏನಂದ? ಏನಂದ?” ಎಂದರು.

ಎರಡನೆಯ ಸಲ. ಹೌದು. ಈ ಬಾರಿ ಕೂಗಿಗೆ ಎದುರು ಕಾರ್ಖಾನೆಯವರು ಕಿಟಕಿಯಿಂದ ಇಣುಕಿದರು.

ಮೂರನೆಯ ಸಲ ಪಿ-ಚೂ ತುಂಡುಗಳನ್ನು ಸ್ವಲ್ಪ ಜೋರಾಗಿಯೇ ಬಿಟ್ಟಳು. ಒಂದು ತುಂಡು ನೇರ ಕೆಳಗೆ ಬಿದ್ದು ಚಪ್ಪಟೆ ಮೈ ಮೇಲಾಗಿ ನಿಂತಿತು. ಇನ್ನೊಂದು ಎಡೆಯ ಮೇಜಿನ ಕಾಲಿಗೆ ಬಡಿದು, ಪುಟಿದು, ತೂನ ಚಪ್ಪಲಿಯ ಮೇಲೆ ಹಾದು, ಬ್ಯಾಟರಿ ಚೌಕಟ್ಟಿನ ಅಡಿಗೆ ಸರ್ರನೆ ಹೋಯಿತು.

“ಮುಟ್ಬೇಡಿ!” ಎಂದು ಹುಂಗ್ ಚೀರಿದರು. ಮುಟ್ಟಿದರೆ ಉತ್ತರ ಕೆಟ್ಟುಹೋಗುತ್ತದೆ, ಬಿದ್ದಲ್ಲೇ ಓದಬೇಕು. ಚೌಕಟ್ಟು ಆರುನೂರು ಕಿಲೋ, ಎತ್ತುವ ಹಾಗಿಲ್ಲ. ನೆಲಕ್ಕೂ ಅದಕ್ಕೂ ಒಂದು ಗೇಣು ಸಂದು. ಯಜಮಾನರು ಮೊಣಕಾಲೂರಿ ಕೆನ್ನೆಯನ್ನು ನೆಲಕ್ಕೆ ಹಚ್ಚಿದರು. ಅವರ ಪಕ್ಕ ತೂ. ಅವನ ಪಕ್ಕ ಪ್ಯಾಕಿಂಗ್ ಹೆಂಗಸರು ಸಾಲಾಗಿ.

“ಉಬ್ಬು ಕಾಣ್ತಿದೆ!”

“ಎಲ್ಲಿ ಉಬ್ಬು? ಅದು ಇಲಿ ಹಿಡಿಯೋ ಅಂಟಿನ ಹಲಗೆ ಕಣೋ.”

“ಚಪ್ಪಟೆ ಇದ್ದಂಗಿದೆ.”

“ನಿನ್ ತಲೆ ಇದ್ದಂಗಿದೆ, ಸರಿ ಅತ್ಲಾಗೆ.”

“ಯಾರ್ರೀ ಅದು ನನ್ನ ಕೈ ಮೇಲೆ ಮೊಣಕಾಲಿಟ್ಟಿರೋದು?”

“ನಾನೇ. ನಾನು ಯಜಮಾನ. ಸುಮ್ನಿರು.”

ಬಾಗಿಲಲ್ಲಿ ಯಾರೋ ಗಂಟಲು ಸರಿಪಡಿಸಿಕೊಂಡರು. ತೈನಾನ್‌ನ ಪರಿಶೀಲಕಿ ಲಾನ್ ಬೆಳಗಿನ ರೈಲಿಗೇ ಬಂದುಬಿಟ್ಟಿದ್ದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕಡತ, ಎದುರಿಗೆ ಮುನ್ನೂರು ಯಂತ್ರ ಪೂರೈಸಬೇಕಾದ ಸಂಸ್ಥೆಯ ಅಷ್ಟೂ ಸಿಬ್ಬಂದಿಯ ಹಿಂಭಾಗ.

“ನಾನು… ಆಮೇಲೆ ಬರ್ಲಾ?”

ಹುಂಗ್ ಏಳಲು ಹೋಗಿ ಚೌಕಟ್ಟಿಗೆ ತಲೆ ಬಡಿದುಕೊಂಡರು. ನಿಂತೇ ಇದ್ದವಳು ಪಿ-ಚೂ ಒಬ್ಬಳೇ. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು: ಐದು ಎಂದು ಹೋಗುತ್ತಿರುವುದು, ನಾಲ್ಕು ಎಂದು ಹೋಗಬೇಕಾದದ್ದು, ತಾನು ಮೊಹರು ಒತ್ತದಿರುವುದು, ಎರಡು ಹೌದು ಬಂದಿರುವುದು. ಹುಂಗ್ ತಲೆಯುಜ್ಜಿಕೊಳ್ಳುತ್ತಾ ಕಣ್ಣು ಮುಚ್ಚಿಕೊಂಡರು. ಆರ್ಡರು ಹೋಯಿತು ಎಂದು ಅವರ ತುಟಿ ಹೇಳುತ್ತಿತ್ತು.

“ಮೂರನೇದು ಈ ಚೌಕಟ್ಟಿನ ಕೆಳಗಿದೆ,” ಎಂದು ಪಿ-ಚೂ ಮುಗಿಸಿದಳು. “ಇಲ್ಲಿರೋರೆಲ್ಲ ನಮ್ಮವ್ರು. ಅವ್ರಿಗೆ ಬೇಕಾದ್ದೇ ಅವ್ರಿಗೆ ಕಾಣುತ್ತೆ. ಹೊರಗಿನೋರು ನೀವೊಬ್ರೇ. ನೀವು ನೋಡಿ ಹೇಳಿದ್ರೆ ಅದನ್ನ ಬರ್ಕೋತೀನಿ.”

ಲಾನ್ ಕಡತವನ್ನು ಕಿತ್ತಳೆಗಳ ಪಕ್ಕ ಇಟ್ಟಳು. ಭೂಮಿಯಜ್ಜನಿಗೆ ಕೈಮುಗಿದಳು. ಬಿಳಿ ಅಂಗಿಯ ತೋಳು ಮಡಿಸಿ ಬೋರಲು ಮಲಗಿ, ಫೋನಿನ ದೀಪ ಹಚ್ಚಿ, ಚೌಕಟ್ಟಿನ ಅಡಿಗೆ ತಲೆ ತೂರಿಸಿದಳು. ಹದಿನೆಂಟು ಜನ ಅವಳ ಕಾಲುಗಳ ಸುತ್ತ ನೆರೆದರು.

“ಇಲ್ಲಿ ಒಂದು ಸ್ಕ್ರೂ ಡ್ರೈವರ್ ಇದೆ,” ಎಂದಿತು ಒಳಗಿನ ದನಿ.

“ಅಯ್ಯೋ ಅದು ನಂದು! ಹೊಸ ವರ್ಷದಿಂದ ಹುಡುಕ್ತಿದ್ದೆ,” ಎಂದ ತೂ. ಯಜಮಾನ್ತಿ ಅವನ ತಲೆಗೆ ಮೊಟಕಿದಳು.

“ಆ… ಸಿಕ್ತು. ಉಬ್ಬು. ಉಬ್ಬು ಮೇಲಿದೆ.”

ಆಮೇಲೆ ಆದ ಗದ್ದಲವನ್ನು ವರ್ಣಿಸುವುದು ಬೇಡ. ಹುಂಗ್ ಅಜ್ಜನಿಗೆ ಮೂರು ಸಲ ಬಗ್ಗಿದರು, ಎದ್ದು ತೂನ ಕಡೆ ನೋಡಿ, “ನಿಂತಿದ್ದೀಯಲ್ಲ, ಹತ್ತು ನಿಮಿಷ ಅಂದಿದ್ದೆ!” ಎಂದು ಗದರಿದರು. ತೂ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಹೋದ. ಎಂಟೇ ನಿಮಿಷದಲ್ಲಿ ಬದಲಾಯಿಸಿದ.

ಲಾನ್ ಅಂಗಿಯ ಧೂಳು ಕೊಡವಿಕೊಳ್ಳುತ್ತಾ ಪೆನ್ನು ತೆಗೆದಳು. “ಹಾಗಾದ್ರೆ ಒತ್ತಿಬಿಡಿ, ನಾನೂ ಸಹಿ ಹಾಕ್ತೀನಿ.”

“ಇಲ್ಲ,” ಎಂದಳು ಪಿ-ಚೂ. “ಸಾಲು ಬದಲಾಗಿದೆ. ಮೊದಲಿಂದ ಪರೀಕ್ಷೆ.”

“ಒಂದೇ ಸಾಲು ಅಕ್ಕಾ!” ಎಂದ ತೂ.

“ಆವತ್ತೂ ಒಂದೇ ಸಾಲು ಬರೆದಿದ್ರು.”

“ಅಜ್ಜನೇ ಹೌದು ಅಂದಿದ್ದಾನಲ್ಲೇ!” ಎಂದರು ಹುಂಗ್.

“ಕಳಿಸಬಹುದು ಅಂದಿದ್ದಾನೆ. ಕಳಿಸ್ತಿದೆ ಅಂದಿಲ್ಲ.”

ಹೀಗೆ ಎಲ್ಲರೂ ಕಾದರು. ಹೊರಗಿನವರ ಸಾಫ್ಟ್‌ವೇರ್ ಜೋಡಿಸಿದರು, ಯಂತ್ರಕ್ಕೆ ಹೀಟರುಗಳ ಹೊರೆ ಹೇರಿದರು, ಕರೆಂಟು ಕಿತ್ತರು. ಬ್ಯಾಟರಿ ಇಳಿಯಲು ಸುಮಾರು ಐವತ್ತು ನಿಮಿಷ. ಯಾರೂ ಕೆಲಸಕ್ಕೆ ಹೋಗಲಿಲ್ಲ. ಎಡೆಯ ಊದುಬತ್ತಿ ಉರಿದು ಮುಗಿದಿದ್ದರಿಂದ ಯಜಮಾನ್ತಿ ಬಿಸ್ಕತ್ತು, ಕಡಲೆಕಾಯಿ ಹಂಚಿದಳು. ಪರದೆಯ ಮುಂದೆ ಎಲ್ಲರೂ ಸಿನಿಮಾ ನೋಡುವವರಂತೆ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಕುಳಿತರು. ಲಾನ್ ಕೂಡ ಕಡಲೆಕಾಯಿ ಸುಲಿಯುತ್ತಾ, ತಮ್ಮ ಆಸ್ಪತ್ರೆಯಲ್ಲೂ ಆ ಅಂಕಿಯ ವಾರ್ಡು ಇಲ್ಲವೆಂದೂ, ಆದರೆ ಪರದೆಗೆ ಅದು ಬರಲೇಬೇಕೆಂದೂ ಹುಂಗ್‌ಗೆ ಹೇಳಿದಳು. ಹುಂಗ್ ಅವಳಿಗೆ ಇನ್ನೊಂದು ಹಿಡಿ ಕಡಲೆಕಾಯಿ ಕೊಟ್ಟರು.

ಎರಡು, ಎರಡು, ಎರಡು. ಮೂವತ್ತೆಂಟನೇ ನಿಮಿಷಕ್ಕೆ ಮೂರು. ಪರದೆ ಹಳದಿಯಾಯಿತು. ಸ್ಟೂಲುಗಳು ಮುಂದೆ ಸರಿದವು. ಐವತ್ತೊಂದು, ಐವತ್ತೆರಡು. ಯಂತ್ರ ಕೊನೆಯ ಸಲ ಗೊರಗುಟ್ಟಿತು.

ಪರದೆ ಕೆಂಪಾಯಿತು. ಬ್ಯಾಟರಿ ಬರಿದಾಗಿದೆ, ಎಂದು ದೊಡ್ಡ ಅಕ್ಷರ. ಗಂಟೆ ಹೊಡೆಯಿತು. ಪಿ-ಚೂ ಬೇರೆ ಕಿಟಕಿ ತೆರೆದು ತಂತಿಯಲ್ಲಿ ಬಂದ ಅಂಕಿಯನ್ನೇ ಓದಿದಳು. “ನಾಲ್ಕು.”

ಹದಿನೇಳು ಜನ ಮತ್ತು ಒಬ್ಬ ಪರಿಶೀಲಕಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತೂ ಪ್ಯಾಕಿಂಗ್ ಹೆಂಗಸೊಬ್ಬಳ ಕೈ ಹಿಡಿದು ಕುಣಿದ.

“ಬ್ಯಾಟರಿ ಸತ್ತಿದೆ ಕಣ್ರೋ!” ಎಂದರು ಹುಂಗ್, ಗಾಬರಿಯಲ್ಲಿ. “ಅದಕ್ಕೆ ಚಪ್ಪಾಳೇನಾ?”

“ಸತ್ತಿದ್ದಕ್ಕಲ್ಲ ರೀ,” ಎಂದಳು ಯಜಮಾನ್ತಿ. “ಸತ್ತೆ ಅಂತ ಬಾಯ್ಬಿಟ್ಟು ಹೇಳ್ತಲ್ಲ, ಅದಕ್ಕೆ.”

ಪಿ-ಚೂ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಮೊಹರನ್ನು ಕೆಂಪು ಮಸಿಗೆ ಅದ್ದಿ, ಕಾಗದದ ಮೇಲೆ ಎತ್ತಿಹಿಡಿದು ನಿಲ್ಲಿಸಿದಳು.

“ಇನ್ನೇನೇ!” ಎಂದರು ಹುಂಗ್.

“ಇದು ಹೊಸ ಯಂತ್ರಕ್ಕೆ. ಇಲ್ಲೀವರೆಗೆ ಮಾರಿರೋವು ಇನ್ನೂ ಐದು ಅಂತಾನೇ ಇವೆ. ಅವ್ರೆಲ್ಲ ನಾಳೆ ಪರದೆ ಬದಲಾಯಿಸಿದ್ರೆ?”

ಹುಂಗ್ ತೂನ ಕಡೆ ನೋಡಿದರು, ತೂ ಛಾವಣಿಯ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದರು; ಅವಳು ಕಿತ್ತಳೆ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

“ಎಲ್ರಿಗೂ ಬರೆಯೋಣ,” ಎಂದರು ಕೊನೆಗೆ, ಸಣ್ಣ ದನಿಯಲ್ಲಿ. “ಎಲ್ಲಾ ಬದಲಾಯಿಸೋಣ. ಸೋಮವಾರದಿಂದ.”

“ಪತ್ರದಲ್ಲಿ ಯಾವ ಅಂಕಿ ಅಂತ ಬರೀಬೇಕು.”

“ಬರಿ.”

“ನೀವು ಸಹಿ ಹಾಕ್ಬೇಕು.”

“ಹಾಕ್ತೀನಿ ಮಾರಾಯ್ತಿ, ಒತ್ತು!”

ಅವಳು ಒತ್ತಿದಳು. ಒತ್ತಿದ ಮೇಲೆ ಕಾಗದವನ್ನು ಬೆಳಕಿಗೆ ಹಿಡಿದು, ಮೊಹರಿನ ಅಕ್ಷರಗಳೆಲ್ಲ ಸರಿಯಾಗಿ ಮೂಡಿವೆಯೇ ಎಂದು ನೋಡಿ, ಲಾನ್ ಕೈಗೆ ಕೊಟ್ಟಳು.